ಪರದೇಶದ ವಿದ್ಯಾರ್ಥಿನಿಯೂ ನಾರ್ವೆ ನುಡಿಯ ಮೊದಲ ಪಾಠವೂ

ಮಗಳನ್ನು ಉಚ್ಚ ವ್ಯಾಸಂಗಕ್ಕಾಗಿ ಪರದೇಶಕ್ಕೆ ಕಳುಹಿಸುವ ವಿಚಾರವಾಗಿ ನಮ್ಮೊಡನೆ ಆಲೋಚಿಸಲು ಬರುವ ತಾಯಿತಂದೆಗಳು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ವೆಚ್ಚವೆಷ್ಟು, ಚಳಿಯೆಷ್ಟು, ಊಟಕ್ಕೇನು ಗತಿ ಎಂಬುವೇ ಆ ಮೂರು. ನಾಲ್ಕನೆಯದಾದ ಭಾಷೆಯ ಪ್ರಶ್ನೆಯನ್ನು ಕೇಳುವವರು ವಿರಳ, ಕೇಳಿದರೂ, “ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುವುದಂತೆ, ನಮ್ಮ ಹುಡುಗಿಗೆ ಇಂಗ್ಲಿಷು ಬರುತ್ತದೆ, ಇನ್ನು ಆ ದೇಶದ ಭಾಷೆಯನ್ನು ಕಲಿಯುತ್ತ ಕಾಲವನ್ನೇಕೆ ಕಳೆಯಬೇಕು?” ಎಂದು ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಈ ಮಾತು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುವುದು. ಆದರೆ ಇದು ಅರ್ಧ ಸತ್ಯವೆಂಬುದನ್ನು, ಈ ಸಂಚಿಕೆಯನ್ನೋದುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ವಿವರಿಸಬೇಕೆಂದು ನಮ್ಮ ಇಚ್ಛೆ. ಉದಾಹರಣೆಗಾಗಿ ನಾರ್ವೆ ದೇಶವನ್ನು ಆರಿಸಿಕೊಂಡಿದ್ದೇವೆ. ಏಕೆಂದರೆ ಅಲ್ಲಿ ಇಂಗ್ಲಿಷ್ ಬಲ್ಲವರು ಎಲ್ಲೆಲ್ಲಿಯೂ ಇರುವುದರಿಂದ, ದೇಶಭಾಷೆಯನ್ನು ಕಲಿಯಬೇಕೇ ಬೇಡವೇ ಎಂಬ ಪ್ರಶ್ನೆ ಅಲ್ಲಿ ಎಲ್ಲಕ್ಕಿಂತ ಹರಿತವಾಗಿ ಏಳುತ್ತದೆ.

ನಾರ್ವೆಯು ಐರೋಪ್ಯ ಖಂಡದ ಉತ್ತರದ ತುದಿಯಲ್ಲಿರುವ ರಾಜ್ಯ. ಅಲ್ಲಿನ ಜನಸಂಖ್ಯೆ ಸುಮಾರು 55 ಲಕ್ಷ. ನಮ್ಮ ಬೆಂಗಳೂರು ನಗರವೊಂದರಲ್ಲಿಯೇ 2011ರ ಜನಗಣತಿಯಲ್ಲಿ 84 ಲಕ್ಷ ಜನರಿದ್ದರೆಂಬುದನ್ನು ನೆನೆದರೆ ಅದು ಎಷ್ಟು ಸಣ್ಣ ಜನಾಂಗವೆಂಬುದು ತಿಳಿಯುವುದು. ಆದರೂ ವಿದ್ಯೆಯಲ್ಲಿ ಅದು ಸಣ್ಣದಲ್ಲ. ರಾಜಧಾನಿಯಾದ ಓಸ್ಲೋ ನಗರದ ವಿಶ್ವವಿದ್ಯಾನಿಲಯವು 1811ರಲ್ಲಿಯೂ, ಬರ್ಗೆನ್ ನಗರದ್ದು 1946ರಲ್ಲಿಯೂ, ಧ್ರುವವೃತ್ತಕ್ಕೂ ಉತ್ತರದಲ್ಲಿರುವ ತ್ರೋಮ್ಸೊ ನಗರದ್ದು 1968ರಲ್ಲಿಯೂ ಸ್ಥಾಪಿತವಾದವು. ತ್ರೋಂಡ್‌ಹೈಮ್ ನಗರದಲ್ಲಿ ಯಂತ್ರವಿದ್ಯೆಗೆ ಹೆಸರಾದ ದೊಡ್ಡ ವಿಶ್ವವಿದ್ಯಾನಿಲಯವಿದೆ. ಬಹುಕಾಲ ಅಲ್ಲಿನ ಸರ್ಕಾರೀ ವಿದ್ಯಾಪೀಠಗಳು ಪರದೇಶೀಯರಿಂದಲೂ ಬೋಧನಾ ಶುಲ್ಕವನ್ನು ತೆಗೆದುಕೊಳ್ಳುತ್ತಿರಲಿಲ್ಲ. 2023ರ ಶರತ್ಕಾಲದಿಂದ ಈಚೆಗೆ ಐರೋಪ್ಯ ಆರ್ಥಿಕ ವಲಯದ ಹೊರಗಿನಿಂದ ಬರುವವರು ಶುಲ್ಕ ಕೊಡಬೇಕಾಗಿದೆ. ನಮ್ಮ ದೇಶದವರೂ ಅವರಲ್ಲಿ ಸೇರಿದ್ದಾರೆ. ಸ್ನಾತಕೋತ್ತರ ವ್ಯಾಸಂಗದ ಅನೇಕ ವಿಷಯಗಳನ್ನು ಅಲ್ಲಿ ಇಂಗ್ಲಿಷಿನಲ್ಲಿ ಬೋಧಿಸುತ್ತಾರೆಂಬುದು ನಿಜ. ಆದರೆ ಸ್ನಾತಕ ತರಗತಿಗಳಲ್ಲಿ ಬಹುಪಾಲು ನಾರ್ವೆ ನುಡಿಯಲ್ಲಿಯೇ ನಡೆಯುತ್ತವೆ.

ಹೀಗಿರಲಾಗಿ ಸ್ನಾತಕೋತ್ತರ ವ್ಯಾಸಂಗಕ್ಕೆ ಹೋದ ಹುಡುಗಿಗೆ ಪಾಠದ ಕೊಠಡಿಯೊಳಗೆ ಯಾವ ತೊಂದರೆಯೂ ಇರುವುದಿಲ್ಲ. ತೊಂದರೆ ಇರುವುದು ಕೊಠಡಿಯ ಬಾಗಿಲಿನ ಆಚೆಗೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಸಹಪಾಠಿಗಳು ತಮ್ಮೊಳಗೆ ಆಡುವ ಮಾತು, ವಸತಿಗೃಹದ ಗೋಡೆಯ ಮೇಲೆ ಅಂಟಿಸಿದ ಸೂಚನೆ, ಅಂಗಡಿಯಲ್ಲಿ ಡಬ್ಬಿಯ ಮೇಲಿನ ಬರಹ, ಕಚೇರಿಯಿಂದ ಬರುವ ಕಾಗದ, ಪಕ್ಕದ ಮನೆಯ ಅಜ್ಜಿಯ ಕುಶಲ ಪ್ರಶ್ನೆ, ಇವೆಲ್ಲವೂ ಆ ನಾಡಿನ ನುಡಿಯಲ್ಲಿಯೇ ಇರುತ್ತವೆ. ಪರದೇಶದ ವಿದ್ಯಾರ್ಥಿಗಳು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳವರೆಗೆ ಕೆಲಸಮಾಡಬಹುದೆಂಬ ನಿಯಮವಿದೆ. ಆದರೆ ಅಂಗಡಿಯಲ್ಲಾಗಲಿ ವೃದ್ಧರ ಆರೈಕೆಯ ಮನೆಯಲ್ಲಾಗಲಿ ಅಂತಹ ಕೆಲಸ ಸಿಕ್ಕಬೇಕಾದರೆ ಜನರೊಡನೆ ಅವರ ಮಾತಿನಲ್ಲಿ ವ್ಯವಹರಿಸಬೇಕಷ್ಟೆ. ತ್ರೋಮ್ಸೊ ನಗರದಲ್ಲಿ ನವೆಂಬರಿನ ಕಡೆಯ ವಾರದಿಂದ ಜನವರಿಯ ನಡುವಿನವರೆಗೆ ಸೂರ್ಯನು ದಿಗಂತದ ಮೇಲಕ್ಕೆ ಬರುವುದೇ ಇಲ್ಲ. ಚಳ್ಳಕೆರೆಯ ಬಿಸಿಲಿನಲ್ಲಿ ಬೆಳೆದ ಹುಡುಗಿಗೆ ಅಂತಹ ದಿನಗಳಲ್ಲಿ ಇಂಗ್ಲಿಷ್ ಪಾಠದ ಅಂಕಗಳು ಮಾತ್ರವೇ ಸಂಗಡವಿದ್ದರೆ ಸಾಲದು. ಒಂದೆರಡು ಮನೆಗಳ ಬಾಗಿಲು ತೆರೆದಿರಬೇಕು. ಆ ಬಾಗಿಲು ನುಡಿಯಿಂದ ತೆರೆಯುತ್ತದೆ.

ಇನ್ನು ನುಡಿಯ ಸ್ವರೂಪವನ್ನು ನೋಡೋಣ. ನಾರ್ವೆಯ ಭಾಷೆಯು ಇಂಗ್ಲಿಷ್, ಜರ್ಮನ್ ಭಾಷೆಗಳ ಬಳಗಕ್ಕೆ ಸೇರಿದ್ದು. ಡೆನ್ಮಾರ್ಕ್ ಮತ್ತು ಸ್ವೀಡನ್ ದೇಶಗಳ ಭಾಷೆಗಳು ಅದರ ಒಡಹುಟ್ಟುಗಳು. ಈ ಬಳಗವು ಬಹಳ ಹಿಂದೆ ಸಂಸ್ಕೃತದೊಡನೆ ಒಂದೇ ಮೂಲದಿಂದ ಹೊರಟದ್ದರಿಂದ, ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದ ಎಷ್ಟೋ ಮಾತುಗಳ ದೂರದ ನೆಂಟರನ್ನು ಅಲ್ಲಿ ಕಾಣಬಹುದು. ನಾಮಕ್ಕೆ ಅವರು ‘ನವ್ನ್’ ಎನ್ನುತ್ತಾರೆ, ಮೂರಕ್ಕೆ ‘ತ್ರೇ’ ಎನ್ನುತ್ತಾರೆ, ನಮ್ಮ ‘ತ್ರಿ’ಯನ್ನು ಹೋಲುವಂತೆ, ಭ್ರಾತೃವಿಗೆ ‘ಬ್ರೂರ್’ ಎನ್ನುತ್ತಾರೆ, ಗಣೇಶನ ವಾಹನವಾದ ಮೂಷಕಕ್ಕೆ ‘ಮೂಸ್’ ಎನ್ನುತ್ತಾರೆ. ಇಂತಹ ನೆಂಟಸ್ತಿಕೆಯಿಂದ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲವಾದರೂ, ಹೊಸ ನುಡಿಯು ಪೂರಾ ಪರಕೀಯವಲ್ಲವೆಂಬ ಧೈರ್ಯವು ಮೊದಲ ದಿನವೇ ಉಂಟಾಗುವುದು.

ಉಚ್ಚಾರಣೆಯ ವಿಷಯದಲ್ಲಿ ಕನ್ನಡದ ಬಾಲಿಕೆಗೆ ಇಂಗ್ಲಿಷ್ ಮಾತೃಭಾಷೆಯವರಿಗಿಲ್ಲದ ಎರಡು ಅನುಕೂಲಗಳಿವೆ. ಮೊದಲನೆಯದು ಹ್ರಸ್ವ ದೀರ್ಘಗಳ ವಿವೇಕ. ನಾವು ಒಂದನೆಯ ತರಗತಿಯಲ್ಲಿಯೇ ‘ಕರು’ ‘ಕಾರು’ಗಳ ಭೇದವನ್ನೂ, ‘ಹಳಿ’ ‘ಹಳ್ಳಿ’ಗಳ ಭೇದವನ್ನೂ ಕಲಿಸುತ್ತೇವಲ್ಲವೆ? ನಾರ್ವೆಯಲ್ಲಿ ‘ತಾಕ್’ ಎಂದರೆ ಮನೆಯ ಛಾವಣಿ. ಸ್ವರವನ್ನು ಕಿರಿದುಮಾಡಿ ವ್ಯಂಜನವನ್ನು ಒತ್ತಿ ‘ತಕ್ಕ್’ ಎಂದರೆ ವಂದನೆ. ಎರಡನೆಯದು ಮೂರ್ಧನ್ಯ ಅಕ್ಷರಗಳು. ದೇಶದ ಪೂರ್ವದಲ್ಲಿಯೂ ಉತ್ತರದಲ್ಲಿಯೂ ‘ರ’ಕಾರದ ಹಿಂದೆಯೇ ‘ತ’, ‘ನ’, ‘ಸ’ಗಳು ಬಂದರೆ ಎರಡೂ ಬೆರೆತು, ನಾಲಿಗೆಯನ್ನು ಮೇಲಕ್ಕೆ ಮಡಿಸಿ ನುಡಿಯುವ ‘ಟ’, ‘ಣ’, ‘ಷ’ಗಳಾಗುತ್ತವೆ. ಮಗು ಎಂಬರ್ಥದ ಮಾತನ್ನು ‘ಬಾರ್ನ್’ ಎಂದು ಬರೆದು ‘ಬಾಣ್’ ಎಂದು ನುಡಿಯುತ್ತಾರೆ. ನಾರ್ವೆ ನುಡಿಯ ಹೆಸರನ್ನೇ ‘ನೊರ್ಸ್ಕ್’ ಎಂದು ಬರೆದು ‘ನೊಷ್ಕ್’ ಎನ್ನುತ್ತಾರೆ. ಪಾಶ್ಚಾತ್ಯ ವಿದ್ಯಾರ್ಥಿಗಳು ಎಷ್ಟೋ ವಾರ ಹೆಣಗಾಡುವ ಈ ಧ್ವನಿಗಳನ್ನು ನಮ್ಮ ಮಕ್ಕಳು ಅಕ್ಷರಮಾಲೆಯಲ್ಲಿಯೇ ಬಾಯಿಪಾಠ ಮಾಡಿರುತ್ತಾರೆ.

ಅನುಕೂಲಗಳ ಸಂಗಡ ಕಷ್ಟಗಳೂ ಇವೆ. ಅವರ ಅಕ್ಷರಮಾಲೆಯಲ್ಲಿ ಇಂಗ್ಲಿಷಿನ 26 ಅಕ್ಷರಗಳ ಮೇಲೆ ಇನ್ನೂ ಮೂರು ಇವೆ, ಅವೆಲ್ಲವೂ ಸ್ವರಗಳು. ನಾಲಿಗೆಯನ್ನು ‘ಈ’ ಎನ್ನುವ ಸ್ಥಾನದಲ್ಲಿರಿಸಿ ತುಟಿಯನ್ನು ‘ಊ’ ಎನ್ನುವಂತೆ ದುಂಡಗೆ ಮಾಡಬೇಕಾದ ಸ್ವರವೊಂದು; ‘ಏ’ ಎನ್ನುತ್ತಿರುವಾಗಲೇ ತುಟಿಯನ್ನು ‘ಓ’ ಎಂಬಂತೆ ಮಾಡಬೇಕಾದ ಸ್ವರ ಇನ್ನೊಂದು. ಕನ್ನಡದಲ್ಲಿ ಇವುಗಳಿಗೆ ಅಕ್ಷರವಿಲ್ಲ. ಆದ್ದರಿಂದ ಈ ಲೇಖನದಲ್ಲಿ ನಾವು ಕೊಟ್ಟಿರುವ ಕನ್ನಡ ಬರಹವನ್ನು ಕೇವಲ ಸಮೀಪದ ರೂಪವೆಂದು ತಿಳಿಯಬೇಕು. ಕನ್ನಡಿಯ ಮುಂದೆ ಕುಳಿತು ತುಟಿಯನ್ನು ನೋಡಿಕೊಳ್ಳುತ್ತ ಅಭ್ಯಾಸಮಾಡುವುದೇ ಇದಕ್ಕೆ ಉಪಾಯ. ಇದಲ್ಲದೆ ಆ ನುಡಿಗೆ ರಾಗವೂ ಉಂಟು. ಬಹುಪಾಲು ಪ್ರಾಂತ್ಯಗಳಲ್ಲಿ ಪದವನ್ನು ಎರಡು ಬೇರೆ ಸ್ವರಭಾರಗಳಿಂದ ನುಡಿಯಬಹುದು. ಅದರಿಂದ ಅರ್ಥವೂ ಬೇರೆಯಾಗುತ್ತದೆ. ‘ಬೊನ್ನೆರ್’ ಎಂಬ ಉಚ್ಚಾರಣೆಯನ್ನು ಒಂದು ರಾಗದಲ್ಲಿ ಹೇಳಿದರೆ ರೈತರು ಎಂದಾಗುವುದು; ಇನ್ನೊಂದು ರಾಗದಲ್ಲಿ ಹೇಳಿದರೆ ಹುರುಳಿಕಾಯಿ ಎಂದೂ ಆಗಬಹುದು, ಪ್ರಾರ್ಥನೆಗಳು ಎಂದೂ ಆಗಬಹುದು. ಆರಂಭದ ವಿದ್ಯಾರ್ಥಿನಿ ಇದಕ್ಕೆ ಹೆದರಬೇಕಾಗಿಲ್ಲ. ಊಟದ ಮೇಜಿನಲ್ಲಿ ರೈತರನ್ನು ಬಡಿಸಿರೆಂದು ಕೇಳಿದರೂ ಹುರುಳಿಕಾಯಿಯೇ ಬರುವುದು. ಸಂದರ್ಭವೇ ಅರ್ಥವನ್ನು ಕಾಯುತ್ತದೆ.

ವ್ಯಾಕರಣವು ಒಂದೆಡೆ ನಮ್ಮದಕ್ಕಿಂತ ಬಹಳ ಸುಲಭ. ಕನ್ನಡದಲ್ಲಿ ಓದುತ್ತೇನೆ, ಓದುತ್ತೀಯೆ, ಓದುತ್ತಾಳೆ, ಓದುತ್ತದೆ, ಓದುತ್ತಾರೆ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದದ ಬಾಲವು ಬದಲಾಗುತ್ತದೆ. ನಾರ್ವೆಯಲ್ಲಿ ‘ಲೇಸೆರ್’ ಎಂಬ ಒಂದೇ ರೂಪವು ಎಲ್ಲರಿಗೂ ಸಲ್ಲುವುದು. ನಾನಾದರೂ, ನೀನಾದರೂ, ಹತ್ತು ಮಂದಿಯಾದರೂ ಅದೇ. ಗೊತ್ತಾದ ವಸ್ತುವನ್ನು ಸೂಚಿಸುವ ಪ್ರತ್ಯಯವನ್ನು ಅವರು ನಾಮಪದದ ಹಿಂದೆ ಅಂಟಿಸುತ್ತಾರೆ. ‘ಬೂಕ್’ ಎಂದರೆ ಪುಸ್ತಕ, ‘ಬೂಕಾ’ ಎಂದರೆ ಆ ಗೊತ್ತಾದ ಪುಸ್ತಕ; ‘ಹೂಸ್’ ಎಂದರೆ ಮನೆ, ‘ಹೂಸೆ’ ಎಂದರೆ ಆ ಮನೆ. ಇಂಗ್ಲಿಷಿನವನಿಗೆ ಇದು ವಿಚಿತ್ರವೆನ್ನಿಸುತ್ತದೆ. ಮನೆಯನ್ನು, ಮನೆಗೆ, ಮನೆಯಲ್ಲಿ ಎಂದು ಎಲ್ಲವನ್ನೂ ಪದದ ಹಿಂದೆಯೇ ಅಂಟಿಸಿ ಅಭ್ಯಾಸವಿರುವ ನಮಗೆ ಸಹಜವೆನ್ನಿಸುತ್ತದೆ. ಸಮಾಸಪದಗಳೂ ನಮ್ಮವರಂತೆಯೇ. ಪದ ಮತ್ತು ಪುಸ್ತಕ ಸೇರಿ ‘ಊರ್‌ಬೂಕ್’, ಅಂದರೆ ಪದಕೋಶ. ಮಕ್ಕಳು ಮತ್ತು ತೋಟ ಸೇರಿ ‘ಬಾಣೆಹಾಗೆ’, ಅಂದರೆ ಶಿಶುವಿಹಾರ. ಇಂತಹವನ್ನು ಬಿಡಿಸಿ ನೋಡುವುದು ತತ್ಪುರುಷ ಸಮಾಸವನ್ನು ಓದಿದ ಹುಡುಗಿಗೆ ಆಟದಂತಿರುತ್ತದೆ.

ಆದರೆ ವಾಕ್ಯರಚನೆಯಲ್ಲಿ ಎಚ್ಚರ ಬೇಕು. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಕುಳಿತುಕೊಳ್ಳುತ್ತದೆ. ನಾರ್ವೆಯಲ್ಲಿ ಸಾಮಾನ್ಯ ಹೇಳಿಕೆಯ ವಾಕ್ಯಗಳಲ್ಲಿ ಅದರ ಪೀಠವು ಎರಡನೆಯದು. ಮೊದಲ ಸ್ಥಾನಕ್ಕೆ ಯಾರು ಬಂದರೂ ಅದು ಕದಲುವುದಿಲ್ಲ. ‘ಯೈ ಲೇಸೆರ್ ಈ ದಾಗ್’ ಎಂದರೆ ‘ನಾನು ಓದುತ್ತೇನೆ ಇಂದು’ ಎಂಬ ಕ್ರಮ. ‘ಇಂದು’ ಎಂಬುದನ್ನು ಮುಂದಕ್ಕೆ ತಂದರೆ ‘ಈ ದಾಗ್ ಲೇಸೆರ್ ಯೈ’ ಎನ್ನಬೇಕು; ‘ನಾನು’ ಎಂಬುದು ಹಿಂದಕ್ಕೆ ಸರಿದು ಕ್ರಿಯಾಪದಕ್ಕೆ ಜಾಗ ಬಿಡುತ್ತದೆ. ಇಂಗ್ಲಿಷಿನ ಕ್ರಮವನ್ನು ಹಿಡಿದು ಮಾತಾಡುವವರು ಈ ಒಂದು ನಿಯಮದಲ್ಲಿಯೇ ಮೇಲಿಂದ ಮೇಲೆ ಎಡವುತ್ತಾರೆ. ಎಣಿಕೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವೆವು. ಹಿಂದೆ ಅವರು ಇಪ್ಪತ್ತೊಂದಕ್ಕೆ ‘ಒಂದು ಮತ್ತು ಇಪ್ಪತ್ತು’ ಎನ್ನುತ್ತಿದ್ದರು. ದೂರವಾಣಿಯ ಸಂಖ್ಯೆಗಳನ್ನು ಹೇಳುವಾಗ ಗೊಂದಲವಾಗುತ್ತಿದ್ದುದರಿಂದ, 1951ರಲ್ಲಿ ನಮ್ಮ ಕನ್ನಡದಂತೆ ಇಪ್ಪತ್ತನ್ನು ಮೊದಲು ಹೇಳಬೇಕೆಂದು ವಿಧಿಸಲಾಯಿತು. ಆದರೂ ಹಳೆಯ ಎಣಿಕೆಯು ಮನೆಮನೆಗಳಲ್ಲಿ ಇನ್ನೂ ಉಳಿದಿದೆ. ಹೀಗಾಗಿ ಅಂಗಡಿಯಲ್ಲಿ ಬೆಲೆ ಕೇಳುವ ವಿದ್ಯಾರ್ಥಿನಿಗೆ ಎರಡೂ ತಿಳಿದಿರಬೇಕು.

ನಮ್ಮ ಮಕ್ಕಳಿಗೆ ವ್ಯಾಕರಣಕ್ಕಿಂತ ಕಷ್ಟವಾಗುವುದು ಮರ್ಯಾದೆಯ ಪ್ರಕರಣ. ನಾವು ಹಿರಿಯರಿಗೆ ‘ನೀವು’ ಎನ್ನುತ್ತೇವೆ. ‘ಬನ್ನಿ’, ‘ಕೂತುಕೊಳ್ಳಿ’ ಎನ್ನುತ್ತೇವೆ. ಗುರುಗಳ ಹೆಸರನ್ನು ಹಿಡಿದು ಕರೆಯುವುದನ್ನು ಕನಸಿನಲ್ಲಿಯೂ ಎಣಿಸುವುದಿಲ್ಲ. ನಾರ್ವೆಯಲ್ಲಿ ಗೌರವದ ಸರ್ವನಾಮವು ಹಿಂದೆ ಇದ್ದು ಈಗ ಬಹುಮಟ್ಟಿಗೆ ಬಳಕೆ ತಪ್ಪಿದೆ. ಎಲ್ಲರಿಗೂ ‘ದು’, ಅಂದರೆ ‘ನೀನು’. ಪ್ರೊಫೆಸರರನ್ನು ಸಹ ಹೆಸರು ಹಿಡಿದು ಕರೆಯುವುದೇ ವಾಡಿಕೆ. ಇದು ಅವಿನಯವಲ್ಲ. ಅವರ ವಿನಯವು ಬೇರೆ ಕಡೆಯಲ್ಲಿ ಇದೆ. ಊಟವಾದ ಮೇಲೆ ಅಡಿಗೆ ಮಾಡಿದವರಿಗೆ ‘ತಕ್ಕ್ ಫೊರ್ ಮಾತೆನ್’, ಅನ್ನಕ್ಕಾಗಿ ವಂದನೆ, ಎಂದು ಹೇಳದೆ ಏಳುವುದು ಅಲ್ಲಿ ಸಲ್ಲದು. ಹೆತ್ತ ತಾಯಿಗೂ ಮಕ್ಕಳು ಹೀಗೆಯೇ ಹೇಳುತ್ತಾರೆ. ನಮ್ಮಲ್ಲಿ ತಾಯಿಗೆ ಯಾರು ವಂದನೆ ಹೇಳುತ್ತಾರೆ? ಅವರ ‘ದು’ ನಮಗೆ ಒರಟಾಗಿ ಕೇಳಿಸುವಂತೆ, ಮಾತಿಲ್ಲದೆ ಕೈತೊಳೆದು ಏಳುವ ನಮ್ಮ ಪದ್ಧತಿಯು ಅವರಿಗೆ ಒರಟಾಗಿ ಕಾಣುತ್ತಿರಬಹುದು. ಭಾಷೆಯನ್ನು ಕಲಿಯುವುದೆಂದರೆ ಮರ್ಯಾದೆಯು ಎಲ್ಲೆಲ್ಲಿ ಅಡಗಿದೆಯೆಂಬುದನ್ನು ಕಲಿಯುವುದೂ ಆಗಿದೆ.

ಪುಸ್ತಕದಲ್ಲಿ ಕಲಿತ ನುಡಿಯು ಬೀದಿಯಲ್ಲಿ ಕೇಳಿಸುವುದಿಲ್ಲವೆಂಬುದು ಆರಂಭದ ವಿದ್ಯಾರ್ಥಿಗಳ ಇನ್ನೊಂದು ದೂರು. ಇದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ನಾರ್ವೆಯು ಹಲವು ಶತಮಾನಗಳ ಕಾಲ, 1814ರವರೆಗೆ, ಡೆನ್ಮಾರ್ಕಿನೊಡನೆ ಕೂಡಿತ್ತು. ಬರವಣಿಗೆಯೆಲ್ಲ ಡೇನಿಷ್ ಭಾಷೆಯಲ್ಲಿತ್ತು. ತರುವಾಯ ಒಂದು ಪಕ್ಷದವರು ಆ ಬರಹವನ್ನೇ ನಾರ್ವೆಯ ಉಚ್ಚಾರಣೆಗೆ ತಕ್ಕಂತೆ ತಿದ್ದುತ್ತ ಬಂದರು. ಇನ್ನೊಂದು ಕಡೆ ಈವರ್ ಓಸೆನ್ ಎಂಬ ರೈತನ ಮಗನು ಹಳ್ಳಿಹಳ್ಳಿಗಳನ್ನು ಸುತ್ತಿ, ಜನರಾಡುವ ಮಾತುಗಳನ್ನು ಸಂಗ್ರಹಿಸಿ, 1848ರಲ್ಲಿ ವ್ಯಾಕರಣವನ್ನೂ 1850ರಲ್ಲಿ ಪದಕೋಶವನ್ನೂ ಪ್ರಕಟಿಸಿ, ಹಳ್ಳಿಯ ನುಡಿಗಳ ತಳಹದಿಯ ಮೇಲೆ ಹೊಸ ಬರಹವನ್ನು ಕಟ್ಟಿದನು. 1885ರಲ್ಲಿ ಅಲ್ಲಿನ ಶಾಸನಸಭೆಯು ಎರಡು ಬರಹಗಳಿಗೂ ಸಮಾನ ಪದವಿಯನ್ನಿತ್ತಿತು. ಮೊದಲನೆಯದಕ್ಕೆ ಈಗ ಬೂಕ್‌ಮೋಲ್ ಎಂದೂ ಎರಡನೆಯದಕ್ಕೆ ನೀನೊಷ್ಕ್ ಎಂದೂ ಹೆಸರು. ಪರದೇಶದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಬೂಕ್‌ಮೋಲನ್ನು ಕಲಿಸುತ್ತಾರೆ.

ಬರಹ ಎರಡಾದರೆ ಆಡುನುಡಿಗಳು ಕಣಿವೆಗೊಂದು. ‘ನಾನು’ ಎಂಬುದಕ್ಕೆ ಓಸ್ಲೋದಲ್ಲಿ ‘ಯೈ’ ಎನ್ನುವರು. ಬರ್ಗೆನ್ನಿನಲ್ಲಿ ‘ಎಗ್’ ಎನ್ನುವರು. ತ್ರೋಂಡ್‌ಹೈಮಿನಲ್ಲಿ ‘ಆ್ಯ’ ಎಂದರೆ ಮುಗಿಯಿತು. ಒಂದೇ ಪ್ರಶ್ನೆಗೆ ಮೈಸೂರಿನವರು ‘ಯಾಕೆ’ ಎಂದೂ ಧಾರವಾಡದವರು ‘ಯಾಕ’ ಎಂದೂ ಮಂಗಳೂರಿನವರು ‘ಎಂತಕ್ಕೆ’ ಎಂದೂ ಕೇಳುವುದನ್ನು ಬಲ್ಲ ನಮಗೆ ಇದು ಹೊಸದಲ್ಲ. ಹೊಸದಾಗಿರುವುದು ಆ ಜನರ ನಿಲುವು. ಅಲ್ಲಿ ಶಾಸನಸಭೆಯ ಸದಸ್ಯನೂ ಉಪಾಧ್ಯಾಯಿನಿಯೂ ತಮ್ಮ ಊರಿನ ಮಾತನ್ನೇ ನಿಸ್ಸಂಕೋಚವಾಗಿ ಆಡುತ್ತಾರೆ. 1878ರಲ್ಲಿಯೇ, ಮಕ್ಕಳಿಗೆ ಆದಷ್ಟು ಮಟ್ಟಿಗೆ ಅವರ ಸ್ವಂತ ಆಡುನುಡಿಯಲ್ಲಿಯೇ ಪಾಠ ಹೇಳಬೇಕೆಂದು ಅವರ ಶಾಸನಸಭೆಯು ನಿರ್ಣಯಿಸಿತು. ಮಗುವಿನ ಮನೆಮಾತನ್ನು ಹೀಯಾಳಿಸದೆ ಶಾಲೆಯ ಮಾತನ್ನು ಕಲಿಸಬಹುದೆಂಬುದಕ್ಕೆ ಅದೊಂದು ನಿದರ್ಶನ. ನಮ್ಮಂತಹ ಗಡಿಸೀಮೆಯ ಉಪಾಧ್ಯಾಯವರ್ಗವು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು.

ಪರಭಾಷೆಯೆಂಬುದು ನಮ್ಮ ಸೀಮೆಗೆ ನೆನ್ನೆ ಮೊನ್ನೆ ಬಂದದ್ದಲ್ಲ. ಸಿದ್ದಾಪುರದ ಬಂಡೆಯ ಮೇಲೂ, ಸಮೀಪದ ಬ್ರಹ್ಮಗಿರಿ ಮತ್ತು ಜಟಿಂಗರಾಮೇಶ್ವರ ಬೆಟ್ಟಗಳಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ನಮ್ಮ ವಿದ್ಯಾರ್ಥಿನಿಯರೆಲ್ಲ ಬಲ್ಲರು. ಬಿ. ಎಲ್. ರೈಸ್ ಅವರು 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕುಶಲವನ್ನು ವಿಚಾರಿಸಿ ಕಳುಹಿಸಿದ ಈ ಆಜ್ಞೆಯು ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಲಿಪಿಯಲ್ಲಿದೆ. ತಾಯಿತಂದೆಗಳ ಮಾತನ್ನು ಕೇಳಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಉಪದೇಶವೂ ಅದರಲ್ಲಿದೆ. ಅದನ್ನು ಬರೆದ ಲಿಪಿಕಾರನ ಹೆಸರು ಚಪಡ. ಅವನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರನಿಂದ’ ಎಂಬರ್ಥದ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ದೂರದ ವಾಯವ್ಯ ಪ್ರಾಂತ್ಯದ ಲಿಪಿ. ಅಂದಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ಈ ಬಂಡೆಗಳ ನಡುವೆ ಹೊರನಾಡಿನ ನುಡಿಯನ್ನು ಓದಿ, ಸ್ಥಳದ ಜನರಿಗೆ ತಿಳಿಯಹೇಳುವವರು ಇದ್ದಿರಲೇಬೇಕು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳುವುದು ಉಚಿತ. ಅಶೋಕನವನ್ನು ಬಿಟ್ಟು ಉಳಿದ ಖರೋಷ್ಠೀ ಶಾಸನಗಳನ್ನು ಒಟ್ಟುಗೂಡಿಸಿ 1929ರಲ್ಲಿ ಪ್ರಕಟಿಸಿದ ಪಂಡಿತನು ನಾರ್ವೆ ದೇಶದವನು. ಅವನೇ ಸ್ಟೆನ್ ಕೊನೊ (1867-1948). ಭಾರತದ ಭಾಷಾ ಸಮೀಕ್ಷೆಯಲ್ಲಿ ಮುಂಡಾ ಮತ್ತು ದ್ರಾವಿಡ ಭಾಷೆಗಳನ್ನು ಕುರಿತು 1906ರಲ್ಲಿ ಹೊರಬಂದ ಸಂಪುಟವೂ ಅವನದೇ; ಅದರಲ್ಲಿ ಕನ್ನಡದ ವಿವರಣೆಯೂ ಸೇರಿದೆ. ಅವನಿಗಿಂತ ಮೊದಲು ಲಾರ್ಸ್ ಸ್ಕ್ರೆಫ್ಸ್‌ರೂದ್ ಎಂಬ ನಾರ್ವೆಯ ಮಿಷನರಿಯು ಸಂತಾಲರ ನಡುವೆ ನೆಲೆಸಿ 1873ರಲ್ಲಿ ಸಂತಾಲೀ ವ್ಯಾಕರಣವನ್ನು ಪ್ರಕಟಿಸಿದನು. ಅವನ ಅನಂತರ ಬಂದ ಪೌಲ್ ಓಲಾಫ್ ಬೋಡಿಂಗನ ಸಂತಾಲೀ ನಿಘಂಟು 1929ರಿಂದ 1936ರವರೆಗೆ ಐದು ಸಂಪುಟಗಳಲ್ಲಿ ಓಸ್ಲೋದಲ್ಲಿ ಅಚ್ಚಾಯಿತು. ನಮ್ಮ ನಾಡಿನಲ್ಲಿ ಜರ್ಮನಿಯ ಕಿಟ್ಟೆಲರು ಬಹುವರ್ಷ ದುಡಿದು 1894ರಲ್ಲಿ ಕನ್ನಡ ನಿಘಂಟನ್ನು ಮುಗಿಸಿದಂತೆಯೇ ಇದು. ಇವರೆಲ್ಲರೂ ಯಾವುದೋ ಒಂದು ದಿನ, ನೀರಿಗೇನೆನ್ನುತ್ತಾರೆ, ಬೆಂಕಿಗೇನೆನ್ನುತ್ತಾರೆ ಎಂದು ಕೈತೋರಿಸಿ ಕೇಳಿದ ಆರಂಭದ ವಿದ್ಯಾರ್ಥಿಗಳೇ. ಅವರು ನಮ್ಮ ನುಡಿಗಳನ್ನು ಕಲಿತರು. ನಮ್ಮ ಮಕ್ಕಳು ಅವರ ನುಡಿಯನ್ನು ಕಲಿಯುವುದರಲ್ಲಿ ದೈನ್ಯವೇನೂ ಇಲ್ಲ.

ಆದರೆ ಆ ಹಿರಿಯರಿಗಿಲ್ಲದಿದ್ದ ಅಡಚಣೆಯೊಂದು ಇಂದಿನ ಹುಡುಗಿಗೆ ಇದೆ. ನಾರ್ವೆಯ ಮಕ್ಕಳು ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಯುತ್ತಾರೆ. ನಮ್ಮ ಹುಡುಗಿ ತಡವರಿಸುತ್ತ ಅವರ ನುಡಿಯಲ್ಲಿ ಒಂದು ವಾಕ್ಯವನ್ನು ಅರ್ಧ ಹೇಳುವಷ್ಟರಲ್ಲಿಯೇ, ಇವಳಿಗೆ ಕಷ್ಟವಾಗುತ್ತಿದೆಯೆಂದು ಕನಿಕರಿಸಿ ಅವರು ಇಂಗ್ಲಿಷಿಗೆ ತಿರುಗಿಬಿಡುತ್ತಾರೆ. ಇದು ಸೌಜನ್ಯವೇ; ಆದರೆ ಕಲಿಯುವವಳ ಪಾಲಿಗೆ ಇದಕ್ಕಿಂತ ದೊಡ್ಡ ವಿಘ್ನವಿಲ್ಲ. ಒಮ್ಮೆ ಇಂಗ್ಲಿಷಿನ ನೆರಳು ಸಿಕ್ಕಿದ ಮೇಲೆ ಮತ್ತೆ ಬಿಸಿಲಿಗೆ ಬರಲು ಯಾರಿಗೂ ಮನಸ್ಸಾಗುವುದಿಲ್ಲ. ಮೊದಲ ದರ್ಜೆಯಲ್ಲಿ ಪದವಿ ಪಡೆದು, ಸಭೆಯಲ್ಲಿ ನಿರರ್ಗಳವಾಗಿ ಮಾತಾಡಿ ಬಹುಮಾನ ಗಳಿಸಿದ ಹುಡುಗಿಯು ರೊಟ್ಟಿಯಂಗಡಿಯ ಮುಂದೆ ಮೂರು ವರ್ಷದ ಮಗುವಿನಂತೆ ತೊದಲಬೇಕಾಗುವುದು ಸಣ್ಣ ಪರೀಕ್ಷೆಯೇನಲ್ಲ. ಬುದ್ಧಿ ಸಾಲದೆ ಭಾಷೆಯನ್ನು ಕೈಬಿಡುವವರಿಗಿಂತ ನಾಚಿಕೆಯಿಂದ ಕೈಬಿಡುವವರೇ ಹೆಚ್ಚೆಂಬುದು ಶಾಲೆಯಲ್ಲಿ ಭಾಷೆ ಕಲಿಸುವ ನಮ್ಮೆಲ್ಲರ ಅನುಭವ. ಆದ್ದರಿಂದ ‘ಕನ್ ವೀ ಸ್ನಕ್ಕೆ ನೊಷ್ಕ್?’, ನಾವು ನಾರ್ವೆ ನುಡಿಯಲ್ಲಿ ಮಾತಾಡೋಣವೆ, ಎಂಬ ಪ್ರಶ್ನೆಯನ್ನೂ, ‘ಯೈ ಲ್ಯಾರೆರ್ ನೊಷ್ಕ್’, ನಾನು ನಾರ್ವೆ ನುಡಿಯನ್ನು ಕಲಿಯುತ್ತಿದ್ದೇನೆ, ಎಂಬ ವಾಕ್ಯವನ್ನೂ ಅವಳು ಮೊದಲ ವಾರವೇ ಬಾಯಿಪಾಠ ಮಾಡಿಕೊಳ್ಳಲಿ. ಈ ಎರಡು ವಾಕ್ಯಗಳನ್ನು ನಗುಮುಖದಿಂದ ಹೇಳಬಲ್ಲವಳಿಗೆ ಎದುರಿನವರು ಕಾದು ನಿಲ್ಲುತ್ತಾರೆ.

ಈ ನಾಚಿಕೆಯನ್ನು ಗೆಲ್ಲುವುದರಲ್ಲಿ ಮೊಳಕಾಲ್ಮೂರು ಚಳ್ಳಕೆರೆಗಳ ಹೆಣ್ಣುಮಕ್ಕಳು ಹಿಂದೆ ಬೀಳಬೇಕಾದ ಕಾರಣವಿಲ್ಲವೆಂದು ನಾವು ದೃಢವಾಗಿ ನಂಬಿದ್ದೇವೆ. ರಾಯದುರ್ಗದ ಕಡೆಗೆ ಹೊಂದಿರುವ ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಕೆಲವು ಮನೆಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಆ ಮನೆಯ ಮಗುವು ಐದಾರು ವರ್ಷದ ವಯಸ್ಸಿನಲ್ಲಿ ಶಾಲೆಯ ಹೊಸ್ತಿಲು ದಾಟಿದಾಗ ಕನ್ನಡವೇ ಅದಕ್ಕೆ ಹೊಸ ನುಡಿ. ‘ನೀಳ್ಳು’ ಎಂಬುದು ‘ನೀರು’ ಆಗುತ್ತದೆ, ‘ಇಲ್ಲು’ ಎಂಬುದು ‘ಮನೆ’ ಆಗುತ್ತದೆ. ಒಂದು ವರ್ಷದೊಳಗೆ ಅದು ಎರಡು ನುಡಿಗಳಲ್ಲಿಯೂ ಜಗಳವಾಡುತ್ತಿರುತ್ತದೆ. ಮುಂದೆ ಇಂಗ್ಲಿಷು, ಹಿಂದಿ ಬರುತ್ತವೆ. ಹೀಗೆ ಬೆಳೆದ ಹುಡುಗಿಯು ಓಸ್ಲೋದ ತರಗತಿಯಲ್ಲಿ ಕುಳಿತಾಗ, ತಾನು ಮಾತು ಬಾರದವಳಾಗಿ ಕುಳಿತದ್ದು ಇದೇ ಮೊದಲಲ್ಲ, ಹಿಂದೊಮ್ಮೆ ಕುಳಿತು ಗೆದ್ದೆನೆಂಬುದನ್ನು ನೆನೆದುಕೊಳ್ಳಲಿ. ಮನೆಮಾತು ಬೇರೆಯಾದುದನ್ನು ಕೊರತೆಯೆಂದು ಎಣಿಸಿ ಮರೆಮಾಡಿದ ಎಷ್ಟೋ ಮಂದಿ ಹುಡುಗಿಯರಿದ್ದಾರೆ. ಅದು ಕೊರತೆಯಲ್ಲ, ಬಂಡವಾಳ. ಅದರ ಬೆಲೆ ತಿಳಿಯಲು ನಾರ್ವೆಗೇ ಹೋಗಬೇಕಾಗಿಲ್ಲವಾದರೂ, ಅಲ್ಲಿ ತಿಳಿದರೂ ಒಳ್ಳೆಯದೇ.

ಕೊನೆಯದಾಗಿ ಕೆಲವು ವ್ಯಾವಹಾರಿಕ ಸೂಚನೆಗಳು. ಐರೋಪ್ಯ ಭಾಷೆಗಳ ಕಲಿಕೆಯನ್ನು ಎ-1, ಎ-2, ಬಿ-1, ಬಿ-2, ಸಿ-1, ಸಿ-2 ಎಂದು ಆರು ಮೆಟ್ಟಿಲುಗಳಾಗಿ ಅಳೆಯುತ್ತಾರೆ. ಈ ಅಳತೆಯನ್ನು ಐರೋಪ್ಯ ಪರಿಷತ್ತು 2001ರಲ್ಲಿ ಪ್ರಕಟಿಸಿತು. ವಿಶ್ವವಿದ್ಯಾನಿಲಯಗಳು ಪರದೇಶದ ವಿದ್ಯಾರ್ಥಿಗಳಿಗಾಗಿ ಮೊದಲ ಮೆಟ್ಟಿಲಿನಿಂದಲೇ ಪಾಠಗಳನ್ನು ನಡೆಸುತ್ತವೆ. ಮೊದಲ ಸೆಮಿಸ್ಟರಿನ ಪಾಠದಿಂದ ಹೆಸರು ಹೇಳುವುದು, ದಾರಿ ಕೇಳುವುದು, ಸಾಮಾನು ಕೊಳ್ಳುವುದು ಇಷ್ಟು ಸಾಧ್ಯವಾಗುವುದು. ಆ ನುಡಿಯಲ್ಲಿಯೇ ವ್ಯಾಸಂಗಮಾಡಲು ಬಿ-2ರ ಮಟ್ಟ ಬೇಕಾಗುತ್ತದೆ. ಆದಕಾರಣ ಆರು ತಿಂಗಳಲ್ಲಿ ಉದ್ಯೋಗ ದೊರಕಲಿಲ್ಲವೆಂದು ನಿರಾಶರಾಗಬಾರದು. ಮೊದಲ ಸೆಮಿಸ್ಟರನ್ನು ಬಿಟ್ಟು, ಓದಿನ ಭಾರ ತಗ್ಗಿದ ಮೇಲೆ ಕಲಿಯುತ್ತೇನೆಂದು ಮುಂದೂಡುವುದೂ ಸರಿಯಲ್ಲ; ಆ ವೇಳೆಗೆ ಗೆಳೆಯರೆಲ್ಲರೂ ಅವಳನ್ನು ಇಂಗ್ಲಿಷಿನವಳೆಂದು ಬಗೆದುಬಿಟ್ಟಿರುತ್ತಾರೆ. ಹೊರಡುವ ಮುಂಚೆಯೇ ಆರಂಭಿಸುವವರಿಗೆ ತ್ರೋಂಡ್‌ಹೈಮಿನ ವಿಶ್ವವಿದ್ಯಾನಿಲಯವು ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯುವ ಪಾಠಮಾಲೆಯೊಂದನ್ನು ಸಿದ್ಧಪಡಿಸಿದೆ. ಅಲ್ಲಿ ತಲುಪಿದ ಮೇಲೆ, ಸಾರ್ವಜನಿಕ ಪುಸ್ತಕಾಲಯಗಳಲ್ಲಿ ಕಾಫಿಯ ಸುತ್ತ ಕುಳಿತು ಹೊಸಬರೊಡನೆ ನಿಧಾನವಾಗಿ ಮಾತಾಡುವ ‘ಭಾಷಾ ಕಾಫಿಗೋಷ್ಠಿ’ಗಳು ನಡೆಯುತ್ತವೆ, ಸುಲಭ ನುಡಿಯಲ್ಲಿ ಬರೆದ ‘ಕ್ಲಾರ್ ತಾಲೆ’ ಎಂಬ ವೃತ್ತಪತ್ರಿಕೆಯೂ ಇದೆ. ಮಕ್ಕಳ ಪುಸ್ತಕಗಳನ್ನು ಓದಲು ಸಂಕೋಚಪಡಬೇಕಾಗಿಲ್ಲ. ದಿನಕ್ಕೆ ಹತ್ತು ಪದಗಳನ್ನು, ಅವುಗಳ ಲಿಂಗವನ್ನೂ ಸೇರಿಸಿ, ಕೈಯಿಂದ ಬರೆದು ಗಟ್ಟಿಯಾಗಿ ಓದುವ ನಮ್ಮ ಹಳೆಯ ಶಾಲಾಪದ್ಧತಿಯು ಅಲ್ಲಿಯೂ ಫಲಕೊಡುವುದು.

ತಾಯಿತಂದೆಗಳಲ್ಲಿ ನಮ್ಮ ಅರಿಕೆ ಇಷ್ಟೆ. ಮಗಳ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳೊಡನೆ ಗೆರೆಯೆಳೆದ ಒಂದು ದಪ್ಪ ನೋಟುಪುಸ್ತಕವನ್ನೂ ಇರಿಸಿರಿ. ಭಾನುವಾರ ದೂರವಾಣಿಯಲ್ಲಿ ಮಾತಾಡುವಾಗ ಊಟವಾಯಿತೇ, ಚಳಿಗೆ ಉಡುಪಿದೆಯೇ ಎಂದು ಕೇಳಿದ ಬಳಿಕ, ಈ ವಾರ ಯಾವ ಹೊಸ ಮಾತು ಕಲಿತೆ, ಯಾರೊಡನೆ ಆಡಿದೆ ಎಂದೂ ಕೇಳಿರಿ. ಅವಳು ಹೇಳಿದ ಮಾತನ್ನು ಮನೆಯವರೆಲ್ಲರೂ ಒಮ್ಮೆ ನುಡಿದು ನೋಡಿರಿ. ತಪ್ಪಾದರೆ ಅವಳು ನಗಲಿ. ತಾನು ತಪ್ಪಿದಾಗ ನಗುವ ಜನರ ನಡುವೆ ನಿಂತು ಮತ್ತೆ ಬಾಯಿ ತೆರೆಯುವ ಧೈರ್ಯವು ಅವಳಿಗೆ ಆ ನಗುವಿನಿಂದಲೇ ಬಂದೀತು.